ದೊಡ್ಡ ಗುರಿಯ ಕೆಲಸವೇನು?

ಮೂಡಿಗೆರೆ ತಾಲ್ಲೂಕಿನ ಬಾಳೂರು ಸೀಮೆಯ ರಕ್ಷಿತಾ ರಾಜು 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟವನ್ನು 5 ನಿಮಿಷ 40.64 ಸೆಕೆಂಡ್‌ಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಐದು ವರ್ಷದ ನಂತರ ಹಾಂಗ್‌ಝೌನಲ್ಲಿ ಅದೇ ದೂರಕ್ಕೆ ಅವರು ತೆಗೆದುಕೊಂಡದ್ದು 5 ನಿಮಿಷ 21.45 ಸೆಕೆಂಡ್. ಮತ್ತೆ ಚಿನ್ನ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಾತ್ರ ಫೈನಲ್‌ವರೆಗೆ ಹೋಗಲಾಗಲಿಲ್ಲ. ಆದರೂ ಪ್ಯಾರಾಲಿಂಪಿಕ್ಸ್‌ನ ದೃಷ್ಟಿಹೀನರ 1500 ಮೀಟರ್‌ನಲ್ಲಿ ಓಡಿದ ಭಾರತದ ಮೊದಲ ಮಹಿಳೆ ಅವರೇ. ಇದನ್ನು ಗೆಲುವು ಎನ್ನೋಣವೋ ಸೋಲು ಎನ್ನೋಣವೋ? ಯಾವ ಗುರಿಯನ್ನು ಅಳತೆಗೋಲಾಗಿ ಹಿಡಿದಿದ್ದೇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ಶಾಲಾ ವಾರ್ಷಿಕೋತ್ಸವದ ಮುಖ್ಯ ಅತಿಥಿಯಿಂದ ಹಿಡಿದು ಪಿ.ಟಿ. ಮೇಷ್ಟ್ರವರೆಗೆ ಎಲ್ಲರೂ ಮಕ್ಕಳಿಗೆ ಹೇಳುವುದು ಒಂದೇ ಮಾತು: ಗುರಿ ದೊಡ್ಡದಿರಲಿ. ಆ ಮಾತು ಎಷ್ಟು ನಿಜ? ಒಲಿಂಪಿಕ್ಸ್ ಪದಕ, ವಿಶ್ವಕಪ್, ದಾಖಲೆ ಇವು ಕಣ್ಣೆದುರು ಇದ್ದರೆ ಆಟಗಾರರು ಹೆಚ್ಚು ಚೆನ್ನಾಗಿ ಆಡುತ್ತಾರೆಯೇ, ಇಲ್ಲ ಆ ಭಾರಕ್ಕೇ ಬಗ್ಗಿಹೋಗುತ್ತಾರೆಯೇ? ಐದು ದಶಕಗಳಿಂದ ಮನಶ್ಶಾಸ್ತ್ರಜ್ಞರು ಇದನ್ನು ಅಳೆಯುತ್ತ ಬಂದಿದ್ದಾರೆ, ತಮ್ಮತಮ್ಮಲ್ಲೇ ಜಗಳವನ್ನೂ ಆಡಿದ್ದಾರೆ. ಅವರ ಲೆಕ್ಕಗಳನ್ನು ಚಿಕ್ಕಮಗಳೂರು ಸೀಮೆಯ, ಅದರ ಆಚೀಚಿನ ಘಟ್ಟ–ಕರಾವಳಿಯ ಆಟಗಾರರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ದೊಡ್ಡ ಗುರಿ ದುಡಿಯುವುದು ಸ್ಪರ್ಧೆಗೆ ಮುಂಚಿನ ವರ್ಷಗಳಲ್ಲಿ. ಸ್ಪರ್ಧೆಯ ಹೊತ್ತಿಗೆ ಅದು ಪಕ್ಕಕ್ಕೆ ಸರಿದು, ಕೈಗೆಟುಕುವ ಸಣ್ಣ ಕೆಲಸಕ್ಕೆ ಜಾಗ ಬಿಡಬೇಕು. ಹಾಗೆ ಸರಿಸಿಕೊಡಲು ಇನ್ನೊಬ್ಬರ ನೆರವು ಬೇಕು.

ನಾಟಾ ಲಾರಿಯಿಂದ ಬಂದ ಪಾಠ

ಗುರಿಯ ಸಿದ್ಧಾಂತ ಮೊದಲು ಬೆಳೆದದ್ದು ದುಡಿಯುವ ಜಾಗಗಳಲ್ಲಿ. ಅಮೆರಿಕದ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಸರಳ. ‘ಕೈಲಾದಷ್ಟು ಮಾಡು’ ಎಂದರೆ ಜನ ಕೈಲಾದಷ್ಟು ಮಾಡುವುದಿಲ್ಲ. ಇಷ್ಟೇ ಮಾಡಬೇಕು ಎಂದು ಖಚಿತವಾದ, ಸ್ವಲ್ಪ ಕಷ್ಟದ ಗುರಿ ಇಟ್ಟರೆ ಹೆಚ್ಚು ಮಾಡುತ್ತಾರೆ. ಇದಕ್ಕೆ ಗ್ಯಾರಿ ಲೇಥಮ್ ಒದಗಿಸಿದ ಪುರಾವೆ ಮಲೆನಾಡಿನವರಿಗೆ ಕೂಡಲೇ ಅರ್ಥವಾಗುವಂಥದು. 1975ರಲ್ಲಿ ಪ್ರಕಟವಾದ ಅವರ ಅಧ್ಯಯನ ಒಕ್ಲಹೋಮಾದ ನಾಟಾ ಲಾರಿಗಳ ಕುರಿತದ್ದು. ಕಾಡಿನಿಂದ ಮಿಲ್ಲಿಗೆ ದಿಮ್ಮಿ ಸಾಗಿಸುತ್ತಿದ್ದ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟನ್ನು ಮಾತ್ರ ಹೊರುತ್ತಿದ್ದವು. ಚಾಲಕರಿಗೆ ಶೇ 94 ಎಂಬ ಗುರಿ ಕೊಡಲಾಯಿತು. ಸಂಬಳ ಏರಲಿಲ್ಲ, ಹೊಸ ಯಂತ್ರ ಬರಲಿಲ್ಲ. ಕೆಲವೇ ತಿಂಗಳಲ್ಲಿ ಹೊರೆ ಶೇ 90 ದಾಟಿ ಅಲ್ಲೇ ನಿಂತಿತು.

ಲಾಕ್ ಮತ್ತು ಲೇಥಮ್ ಇದಕ್ಕೆ ಷರತ್ತುಗಳನ್ನೂ ಹಾಕಿದ್ದರು. ಗುರಿಯನ್ನು ಆ ಮನುಷ್ಯ ಮನಸಾರೆ ಒಪ್ಪಿರಬೇಕು. ಅದನ್ನು ಮುಟ್ಟುವ ತಾಕತ್ತು, ತಿಳಿವಳಿಕೆ ಅವನಲ್ಲಿರಬೇಕು. ಎಷ್ಟು ದೂರ ಬಂದಿದ್ದೇನೆ ಎಂಬುದು ಅವನಿಗೆ ಆಗಾಗ ಗೊತ್ತಾಗುತ್ತಿರಬೇಕು. ಕೆಲಸ ಜಟಿಲವಾದಷ್ಟೂ ಗುರಿಯ ಬಲ ಕುಗ್ಗುತ್ತದೆ. ಭಾಷಣಗಳಲ್ಲಿ ‘ಗುರಿ ದೊಡ್ಡದಿರಲಿ’ ಉಳಿಯಿತು, ಷರತ್ತುಗಳು ಉದುರಿಹೋದವು.

1985ರಲ್ಲಿ ಇಬ್ಬರೂ ಸೇರಿ ಈ ಸಿದ್ಧಾಂತವನ್ನು ಕ್ರೀಡೆಗೆ ಅನ್ವಯಿಸಿ ಬರೆದರು. ಕ್ರೀಡೆಯಲ್ಲಿ ಎಲ್ಲವೂ ಅಂಕಿಯಲ್ಲೇ ಇದೆ, ಆದ್ದರಿಂದ ಅಲ್ಲಿ ಇದು ಇನ್ನೂ ಚೆನ್ನಾಗಿ ನಡೆಯಬೇಕು ಎಂಬುದು ಅವರ ಎಣಿಕೆ.

ಎಣಿಕೆ ಎಲ್ಲಿ ತಪ್ಪಿತು

ನಡೆದದ್ದು ಬೇರೆ. ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದಾಗ, ಕಷ್ಟದ ಗುರಿ ಪಡೆದ ಗುಂಪಿಗೂ ‘ಕೈಲಾದಷ್ಟು ಮಾಡಿ’ ಎಂದು ಹೇಳಿಸಿಕೊಂಡ ಗುಂಪಿಗೂ ಹಲವು ಸಲ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ವಿಚಾರಿಸಿದರೆ, ಯಾರೂ ಗುರಿ ಕೊಡದಿದ್ದರೂ ಆಟದವರು ತಮಗೆ ತಾವೇ ಒಂದು ಗುರಿ ಹಾಕಿಕೊಂಡುಬಿಡುತ್ತಾರೆ. ಪಕ್ಕದವನಿಗಿಂತ ಒಂದಾದರೂ ಹೆಚ್ಚು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

1995ರಲ್ಲಿ ಕೈಲೋ ಮತ್ತು ಲ್ಯಾಂಡರ್ಸ್ ಅಲ್ಲಿಯವರೆಗಿನ 36 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದರು. ಗುರಿಯಿಂದ ಪ್ರಯೋಜನ ಇದ್ದೇ ಇದೆ, ಆದರೆ ಅದು ಸಾಧಾರಣ ಎಂಬುದು ಅವರ ತೀರ್ಮಾನ. ಅತಿ ಕಷ್ಟದ ಗುರಿಗಿಂತ ಮಧ್ಯಮ ಕಷ್ಟದ ಗುರಿ ಹೆಚ್ಚು ಫಲ ಕೊಟ್ಟಿತ್ತು. ದೂರದ ಗುರಿಯ ಜೊತೆಗೆ ಹತ್ತಿರದ ಗುರಿಯೂ ಇದ್ದಾಗ ಪರಿಣಾಮ ಇನ್ನೂ ಮೇಲು.

ಆಲಿ ವಿಲಿಯಮ್ಸನ್ ಮತ್ತು ಸಂಗಡಿಗರು 2022ರಲ್ಲಿ ಮಾಡಿದ ಹೊಸ ಸಮೀಕ್ಷೆ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿತು. ಅವರು ಗುರಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ‘ಚಿನ್ನ ಗೆಲ್ಲಬೇಕು’ ಎಂಬುದು ಫಲದ ಗುರಿ. ‘5 ನಿಮಿಷ 20 ಸೆಕೆಂಡ್ ಒಳಗೆ ಓಡಬೇಕು’ ಎಂಬುದು ಮಟ್ಟದ ಗುರಿ. ‘ಮೂರನೇ ಸುತ್ತಿನಲ್ಲಿ ಭುಜ ಬಿಗಿಯದಂತೆ ನೋಡಿಕೊಳ್ಳಬೇಕು’ ಎಂಬುದು ಕ್ರಿಯೆಯ ಗುರಿ. ಪರಿಣಾಮವನ್ನು ಸಂಖ್ಯಾಶಾಸ್ತ್ರದ ಅಳತೆಯಲ್ಲಿಟ್ಟಾಗ ಕ್ರಿಯೆಯ ಗುರಿಗೆ 1.36, ಮಟ್ಟದ ಗುರಿಗೆ 0.44, ಫಲದ ಗುರಿಗೆ ಬರೀ 0.09 ಬಂತು. ಈ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಬಹುಪಾಲು ವಿದ್ಯಾರ್ಥಿಗಳು, ಹವ್ಯಾಸಿಗಳು. ಒಲಿಂಪಿಕ್ಸ್ ಮಟ್ಟದವರು ಕಡಿಮೆ. ಆದ್ದರಿಂದ ಅಂಕಿಗಳನ್ನು ಅಕ್ಷರಶಃ ಹಿಡಿಯುವುದು ಬೇಡ. ಆದರೂ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಗಮನಿಸಬೇಕಾದದ್ದು.

ಅಗ್ರಗಣ್ಯ ಆಟಗಾರರಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ ಎನ್ನಲು ಕಾರಣವಿದೆ. ಒಕ್ಲಹೋಮಾದ ಲಾರಿಯಲ್ಲಿ ಶೇ 40ರಷ್ಟು ಜಾಗ ಖಾಲಿ ಇತ್ತು. ಮನಸ್ಸು ಮಾಡಿದರೆ ತುಂಬಬಹುದಿತ್ತು. ಅಂತರರಾಷ್ಟ್ರೀಯ ಮಟ್ಟದ ಓಟಗಾರ್ತಿಯಲ್ಲಿ ಅಂಥ ಖಾಲಿ ಜಾಗ ಇರುವುದಿಲ್ಲ. ಅವಳು ಆಗಲೇ ತುಂಬಿಕೊಂಡಿದ್ದಾಳೆ. ಇನ್ನಷ್ಟು ಆಸೆ ಸುರಿದರೆ ವೇಗ ಹೆಚ್ಚುವುದಿಲ್ಲ. ಅವಳಿಗೆ ಬೇಕಾದದ್ದು ವರ್ಷಗಟ್ಟಲೆ ತಾಲೀಮಿನಲ್ಲಿ ಅರ್ಧ ಸೆಕೆಂಡ್, ಕಾಲು ಸೆಕೆಂಡ್ ಉಳಿಸುವ ದಾರಿ.

ಹಗ್ಗದ ಎರಡು ತುದಿ

ಆ ದಾರಿ ಹೇಗಿರುತ್ತದೆ ಎಂಬುದಕ್ಕೆ ರಕ್ಷಿತಾ ಅವರ ಓಟವೇ ಸಾಕ್ಷಿ. ಹುಟ್ಟಿನಿಂದ ಕಣ್ಣು ಕಾಣದವರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಮಾತು ಬಾರದ, ಕಿವಿ ಕೇಳದ ಅಜ್ಜಿಯ ಆಸರೆಯಲ್ಲಿ ಬೆಳೆದವರು. ಚಿಕ್ಕಮಗಳೂರಿನ ಅಂಧ ಮಕ್ಕಳ ಶಾಲೆಯಲ್ಲಿ ಓದುವಾಗ, ಸುಮಾರು 13ರ ವಯಸ್ಸಿನಲ್ಲಿ, ನೀನು ಓಡಬಲ್ಲೆ ಎಂದು ಶಿಕ್ಷಕರೊಬ್ಬರು ಹೇಳಿದರು. ಟ್ರ್ಯಾಕೇ ಕಾಣದ ನಾನು ಹೇಗೆ ಓಡಲಿ ಎಂಬುದು ಆಗ ಹುಡುಗಿಗೆ ಎದ್ದ ಪ್ರಶ್ನೆ. ಪ್ಯಾರಾಲಿಂಪಿಕ್ಸ್ ಆಮೇಲಿನ ಮಾತು. ಅವರೆದುರು ಮೊದಲಿಗೆ ಇದ್ದದ್ದು ಬೀಳದೆ ಒಂದು ಸುತ್ತು ಮುಗಿಸುವುದು.

ಟಿ11 ಎಂಬ ಅವರ ವಿಭಾಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಬೇಕು. ಕೈಗೆ ಒಂದು ಗಿಡ್ಡ ಹಗ್ಗ. ಅದರ ಇನ್ನೊಂದು ತುದಿ ಗೈಡ್ ರನ್ನರ್ ಕೈಯಲ್ಲಿ. ರಕ್ಷಿತಾ ಅವರ ಗೈಡ್ ರಾಹುಲ್ ಬಾಲಕೃಷ್ಣ, ಸ್ವತಃ 1500 ಮೀಟರ್ ಓಟಗಾರ. ನಿಯಮ ಕಟ್ಟುನಿಟ್ಟು: ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗೆರೆಯನ್ನು ತಾನು ಮೊದಲು ದಾಟುವಂತಿಲ್ಲ. ಅವನು ಮಾಡಬಹುದಾದದ್ದು ಹೆಜ್ಜೆಗೆ ಹೆಜ್ಜೆ ಕೂಡಿಸಿ ಮಾತಾಡುವುದು. ತಿರುವು ಬಂತು, ನೇರ ದಾರಿ ಬಂತು, ಮುಂದೆ ಇಬ್ಬರಿದ್ದಾರೆ, ಇನ್ನೊಂದು ಸುತ್ತು ಉಳಿದಿದೆ. 1500 ಮೀಟರ್ ಎಂದರೆ ಮೂರೂಮುಕ್ಕಾಲು ಸುತ್ತು. ಅಷ್ಟು ಹೊತ್ತೂ ಓಟಗಾರ್ತಿಯ ಕಿವಿಗೆ ಬೀಳುವುದು ಇಂಥ ಪುಟ್ಟ ಪುಟ್ಟ ಮಾತು. ಸಮೀಕ್ಷೆಗಳು ಕ್ರಿಯೆಯ ಗುರಿ ಎಂದು ಕರೆಯುವುದು ಇದನ್ನೇ. ಇಲ್ಲಿ ಅದು ಇನ್ನೊಬ್ಬರ ಬಾಯಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ.

ಹಗ್ಗ ಎಷ್ಟು ದುಬಾರಿ ಎಂಬುದು ಪ್ಯಾರಿಸ್‌ನಲ್ಲೇ ಗೊತ್ತಾಯಿತು. 2024ರ ಸೆಪ್ಟೆಂಬರ್ 8ರಂದು ಸ್ಪೇನ್‌ನ ಎಲೆನಾ ಕಾಂಗೊಸ್ಟ್ ಮ್ಯಾರಥಾನ್‌ನಲ್ಲಿ ಮೂರನೆಯವರಾಗಿ ಗೆರೆಯ ಹತ್ತಿರ ಬಂದಿದ್ದರು. ಕಾಲು ಹಿಡಿದುಕೊಂಡು ಕುಸಿಯುತ್ತಿದ್ದ ಗೈಡ್‌ನನ್ನು ಹಿಡಿಯಲು ಅರೆಕ್ಷಣ ಹಗ್ಗ ಬಿಟ್ಟರು. ಅನರ್ಹಗೊಂಡರು, ಕಂಚು ಅಂದು ಜಪಾನಿನ ಮಿಸಾತೊ ಮಿಚಿಶಿತಾ ಪಾಲಾಯಿತು. ಗುರಿ ಒಬ್ಬರದಾಗಿ ಕಂಡರೂ ಅದನ್ನು ಹೊರುವವರು ಇಬ್ಬರು. ಕಣ್ಣಿರುವ ಆಟಗಾರರ ವಿಷಯದಲ್ಲೂ ಇದು ಸುಳ್ಳಲ್ಲ, ಹಗ್ಗ ಕಾಣಿಸುವುದಿಲ್ಲ ಅಷ್ಟೆ.

ಪಕ್ಕದವರ ಮಾತಿನ ಮೇಲೆ ನಡೆಯುವ ಇನ್ನೊಂದು ಆಟವೂ ಈ ಬೆಟ್ಟಗಳಲ್ಲಿದೆ. ಏಷ್ಯಾ–ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರ್ ಕ್ರೀಡಾಪಟು. ರಾಷ್ಟ್ರೀಯ ರ್ಯಾಲಿಗಳಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತವರು ಕಾಸರಗೋಡಿನ ಮೂಸಾ ಶರೀಫ್. ತೋಟದ ದಾರಿಯಲ್ಲಿ ಎಡಕ್ಕೆ ಚರಂಡಿ, ಬಲಕ್ಕೆ ಸಿಲ್ವರ್ ಮರದ ಕಾಂಡ. ತಿರುವು ಕಣ್ಣಿಗೆ ಬೀಳುವ ಮೊದಲೇ ಸಹಚಾಲಕ ಬರೆದಿಟ್ಟ ಟಿಪ್ಪಣಿ ಓದಿ ಹೇಳುತ್ತಾನೆ: ಎಡ, ಎಷ್ಟು ಬಾಗಿದೆ, ದಿಬ್ಬದಾಚೆ ಏನಿದೆ. ಪ್ರಶಸ್ತಿಯ ಬಗ್ಗೆ ಯೋಚಿಸಲು ಅಲ್ಲಿ ಪುರುಸೊತ್ತಿಲ್ಲ. ಯೋಚಿಸಿದವರ ಕಾರು ಚರಂಡಿಯಲ್ಲಿರುತ್ತದೆ.

43 ಎಸೆತ, 38 ರನ್

ಗುರಿ ಹತ್ತಿರ ಬಂದಾಗಲೇ ಕೈಜಾರುವುದೂ ಉಂಟು. ಕಾಫಿ ಜಿಲ್ಲೆಯ ಬಯಲುಸೀಮೆ ಕಡೂರಿನ ವೇದಾ ಕೃಷ್ಣಮೂರ್ತಿ 2011ರ ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡ್ ಎದುರು ಮೊದಲ ಏಕದಿನ ಪಂದ್ಯ ಆಡಿದರು. 18ರ ಹುಡುಗಿ ಅಂದೇ 51 ರನ್ ಹೊಡೆದಳು. ಆರು ವರ್ಷದ ನಂತರ ಅದೇ ಡರ್ಬಿಯಲ್ಲಿ, 2017ರ ವಿಶ್ವಕಪ್‌ನ ಸೆಮಿಫೈನಲ್‌ಗೆ ಹೋಗಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ, ವೇದಾ 45 ಎಸೆತಗಳಲ್ಲಿ 70 ಬಾರಿಸಿದರು. ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ 5 ವಿಕೆಟ್ ಕಿತ್ತರು. ಭಾರತ 186 ರನ್‌ಗಳಿಂದ ಗೆದ್ದಿತು.

ಎಂಟು ದಿನಗಳ ಬಳಿಕ, ಜುಲೈ 23ರಂದು, ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡ್ 228. ಭಾರತ 3 ವಿಕೆಟ್‌ಗೆ 191 ತಲುಪಿತ್ತು. ಪೂನಂ ರಾವುತ್ 86ಕ್ಕೆ ಔಟಾದಾಗ ಬೇಕಿದ್ದದ್ದು 43 ಎಸೆತಗಳಲ್ಲಿ 38 ರನ್. ಕೈಯಲ್ಲಿ ಆರು ವಿಕೆಟ್. ವೇದಾ 34 ಎಸೆತಗಳಲ್ಲಿ 35 ಮಾಡಿ ಆನ್ಯಾ ಶ್ರಬ್‌ಸೋಲ್ ಎಸೆತವನ್ನು ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟರು. ಕೊನೆಯ ಏಳು ವಿಕೆಟ್‌ಗಳು 28 ರನ್ನಿಗೆ ಉರುಳಿದವು. ಭಾರತ 219ಕ್ಕೆ ಆಲೌಟ್, ಒಂಬತ್ತು ರನ್ನಿನ ಸೋಲು. ಶ್ರಬ್‌ಸೋಲ್‌ಗೆ 46ಕ್ಕೆ 6.

ಸ್ಕೋರ್‌ಕಾರ್ಡ್ ಮನಸ್ಸಿನೊಳಗೆ ಏನಾಯಿತೆಂದು ಹೇಳುವುದಿಲ್ಲ. ಆದರೆ ಓವರಿಗೆ ಐದೂಚಿಲ್ಲರೆ ರನ್ ಆ ತಂಡಕ್ಕೆ ದೊಡ್ಡದೇನಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ಏನಾಗಬಹುದು ಎಂಬುದಕ್ಕೆ ಸಂಶೋಧಕರ ಬಳಿ ಎರಡು ವಿವರಣೆಗಳಿವೆ. ಒಂದು, ‘ಗೆಲ್ಲಬೇಕು’ ಎಂಬ ಗುರಿ ‘ಸೋಲಬಾರದು’ ಎಂದು ಬದಲಾಗುವುದು. ನಾರ್ವೆಯ ಗೇರ್ ಯೋರ್ಡೆಟ್ ಫುಟ್‌ಬಾಲ್ ಪೆನಾಲ್ಟಿ ಶೂಟೌಟ್‌ಗಳನ್ನು ಪರಿಶೀಲಿಸಿದಾಗ, ಹೊಡೆದರೆ ಗೆಲುವು ಎಂಬ ಒದೆತಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೋಲಾಗಿದ್ದವು. ತಪ್ಪಿದರೆ ಸೋಲು ಎಂಬ ಒದೆತಗಳಲ್ಲಿ ಗೋಲಾದದ್ದು 60ರ ಆಸುಪಾಸು. ಚೆಂಡು ಅದೇ, ದೂರವೂ ಅದೇ.

ಎರಡನೆಯ ವಿವರಣೆ ಶಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಕೊಟ್ಟದ್ದು. ಒತ್ತಡದಲ್ಲಿ ನುರಿತವರು ತಮಗೆ ತಾನಾಗಿ ಬರುವ ಚಲನೆಯನ್ನೇ ಬಿಡಿಬಿಡಿಯಾಗಿ ಗಮನಿಸತೊಡಗುತ್ತಾರೆ; ಕೈ ಹೀಗಿರಬೇಕು, ಮೊಣಕೈ ಹೀಗಿರಬೇಕು ಎನ್ನುವಾಗ ಲಯ ಕೆಡುತ್ತದೆ. ಇದು ಕ್ರಿಯೆಯ ಗುರಿಯ ಪರವಾಗಿರುವವರಿಗೂ ಎಚ್ಚರಿಕೆ. ಸಣ್ಣ ಗುರಿ ಎಂದರೆ ಅಂಗಾಂಗಗಳ ಪಟ್ಟಿ ಆಗಬಾರದು. ಅದು ಒಂದು ಮಾತಿನಲ್ಲಿ, ಒಂದು ಎಣಿಕೆಯಲ್ಲಿ ಮುಗಿಯಬೇಕು. 2008ರ ಬೀಜಿಂಗ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಈಜುವಾಗ ಮೈಕೆಲ್ ಫೆಲ್ಪ್ಸ್ ಕನ್ನಡಕದೊಳಗೆ ನೀರು ತುಂಬಿ ಗೋಡೆಯೇ ಕಾಣದಾಯಿತು. ಅವರು ಕೈಬೀಸುಗಳನ್ನು ಎಣಿಸಿಕೊಂಡು ಈಜಿ 1 ನಿಮಿಷ 52.03 ಸೆಕೆಂಡಿನ ವಿಶ್ವದಾಖಲೆ ಬರೆದರು. ಎಂಟು ಚಿನ್ನದ ಗುರಿ ಅವರನ್ನು ನಸುಕಿಗೇ ಕೊಳಕ್ಕೆ ಇಳಿಸಿರಬಹುದು. ಆ ಕತ್ತಲಲ್ಲಿ ದಡ ಸೇರಿಸಿದ್ದು ಎಣಿಕೆ.

ಅಂಕಿಯ ಸೆಳೆತ

ದುಂಡು ಅಂಕಿಗಳ ಸೆಳೆತ ಇನ್ನೊಂದು ಬಗೆಯದು. ಎರಿಕ್ ಆ್ಯಲೆನ್ ಮತ್ತು ಸಂಗಡಿಗರು 90 ಲಕ್ಷಕ್ಕೂ ಹೆಚ್ಚು ಮ್ಯಾರಥಾನ್ ಫಲಿತಾಂಶಗಳನ್ನು ಕಲೆಹಾಕಿ ನೋಡಿದರು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಮುಗಿಸಿದವರ ದಂಡೇ ಇತ್ತು. ನಾಲ್ಕು ಗಂಟೆ ದಾಟಿದ ಕೂಡಲೇ ಸಂಖ್ಯೆ ಧುತ್ತನೆ ಇಳಿದಿತ್ತು. 42 ಕಿಲೋಮೀಟರ್ ಓಡಿ ಕಾಲು ಸೋತವರಲ್ಲೂ ಒಂದು ಅಂಕಿ ಕೊನೆಯ ಶಕ್ತಿಯನ್ನು ಹಿಂಡಿ ತೆಗೆಯುತ್ತದೆ ಎಂದಾಯಿತು. ಇದು ಲಾಕ್ ಪರವಾದ ಸಾಕ್ಷ್ಯ.

ಆದರೆ ಅಂಕಿಯೂ ಗೆಲುವೂ ಒಂದೇ ದಾರಿಯಲ್ಲಿ ನಡೆಯಬೇಕೆಂದಿಲ್ಲ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರ ಬೆನ್ನಿಗೆ ದೇಶವೇ ಕಟ್ಟಿದ ಅಂಕಿ 90 ಮೀಟರ್. ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ. 2022ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94, ಗೆರೆಗೆ ಆರು ಸೆಂಟಿಮೀಟರ್ ಕಡಿಮೆ. ಪ್ಯಾರಿಸ್‌ನಲ್ಲಿ 89.45 ಎಸೆದರೂ ಬೆಳ್ಳಿ. ಕೊನೆಗೆ 2025ರ ಮೇ 16ರಂದು ದೋಹಾದಲ್ಲಿ 90.23 ಮೀಟರ್ ಬಂತು, ಅಂದು ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದು ಅವರನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. ಏಳು ವಾರಗಳ ನಂತರ ಬೆಂಗಳೂರಿನ ಕಂಠೀರವದಲ್ಲಿ 86.18 ಮೀಟರ್‌ಗೇ ಮೊದಲ ಸ್ಥಾನ ಸಿಕ್ಕಿತು. ಅಂಕಿ ಎಸೆಯುವವನ ತೋಳಿನಲ್ಲಿದೆ. ಪದಕ ಅಂದು ಎದುರಿಗೆ ಯಾರು ನಿಂತಿದ್ದಾರೆ, ಗಾಳಿ ಎತ್ತ ಬೀಸುತ್ತಿದೆ ಎಂಬುದರಲ್ಲಿದೆ.

ಹಾಗಾದರೆ ಅಂಕಿಯೇ ಬೇಡ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಕ್ರಿಶ್ಚಿಯನ್ ಸ್ವಾನ್ ಪ್ರತಿಪಾದಿಸುವುದು ‘ಎಷ್ಟಾಗುತ್ತದೋ ನೋಡೋಣ’ ಎಂಬ ಬಿಡುಬೀಸಾದ ಗುರಿಯನ್ನು. ಉನ್ನತ ಆಟಗಾರರನ್ನು ಮಾತಾಡಿಸಿದಾಗ ಅವರಿಗೆ ಎರಡು ಬಗೆಯ ಒಳ್ಳೆಯ ದಿನಗಳು ಕಂಡವು. ಒಂದರಲ್ಲಿ ಆಟ ತಾನಾಗಿ ಹರಿಯುತ್ತದೆ, ಅಲ್ಲಿ ಗುರಿ ಸಡಿಲ. ಇನ್ನೊಂದರಲ್ಲಿ ಆಟಗಾರ ಹಲ್ಲುಕಚ್ಚಿ ಆಟವನ್ನು ಎಳೆದುತರುತ್ತಾನೆ, ಅಲ್ಲಿ ಗುರಿ ಖಚಿತ. ಅಂದರೆ ಒಂದೇ ಪಂದ್ಯದಲ್ಲೂ ಗುರಿಯನ್ನು ಸಡಿಲಿಸುವ ಹೊತ್ತು ಬೇರೆ, ಬಿಗಿಹಿಡಿಯುವ ಹೊತ್ತು ಬೇರೆ. ಇನ್ನು ಲೀಸಾ ಒರ್ಡೋನ್ಯೆಸ್ ಮತ್ತು ಮೂವರು ಸಹಲೇಖಕರು 2009ರಲ್ಲಿ ಇಡೀ ಸಿದ್ಧಾಂತದ ಮೇಲೇ ಹರಿಹಾಯ್ದರು. ಕಿರಿದಾದ, ಆಕ್ರಮಣಕಾರಿ ಗುರಿಗಳು ಜನರನ್ನು ಅಡ್ಡದಾರಿಗೆ, ವಂಚನೆಗೆ, ಅತಿಯಾದ ಅಪಾಯಕ್ಕೆ ತಳ್ಳುತ್ತವೆ ಎಂಬುದು ಅವರ ದೂರು. ಉದ್ದೀಪನ ಮದ್ದಿನ ಚರಿತ್ರೆ ಬಲ್ಲ ಕ್ರೀಡಾಲೋಕ ಈ ದೂರನ್ನು ಸುಲಭವಾಗಿ ತಳ್ಳಿಹಾಕಲಾರದು.

ಯಾರ ಗುರಿ?

2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್ ಹೆಸರು ಬಂತು. ಕೇಂದ್ರ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಟ್ರಯಲ್ಸ್‌ಗೆ ಕರೆದರು. ಕೆಲವೇ ದಿನಗಳಲ್ಲಿ ಒಬ್ಬ ಕಂಬಳ ಓಟಗಾರನ ಹೆಗಲಿಗೆ ಒಲಿಂಪಿಕ್ಸ್ ಏರಿತು. ಅವರು ಒಲ್ಲೆ ಎಂದರು. ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕ್ ಬೇರೆ, ತನ್ನ ಆಟ ಕಂಬಳ ಎಂಬುದು ಅವರ ನಿಲುವು. ಆಗ ಅನೇಕರಿಗೆ ಇದು ಕೈಬಿಟ್ಟ ಅವಕಾಶವಾಗಿ ಕಂಡಿತು. ಗುರಿ ತನ್ನದೇ ಆಗಿದ್ದಾಗ ಮನುಷ್ಯ ಅದಕ್ಕಾಗಿ ಹೆಚ್ಚು ಕಾಲ ದುಡಿಯುತ್ತಾನೆ ಎಂದು ಕೆನ್ನನ್ ಶೆಲ್ಡನ್ ಮತ್ತು ಆ್ಯಂಡ್ರೂ ಎಲಿಯಟ್ 1999ರಲ್ಲೇ ತೋರಿಸಿದ್ದರು. ಆ ದೃಷ್ಟಿಯಿಂದ ನೋಡಿದರೆ ಗೌಡರಿಗೆ ತಮ್ಮ ಗುರಿ ಯಾವುದೆಂದು ಚೆನ್ನಾಗಿಯೇ ಗೊತ್ತಿತ್ತು.

ದೇಶಗಳೂ ಗುರಿ ಹೊರಿಸುತ್ತವೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ನೂರರ ಘೋಷಣೆಯೊಂದಿಗೆ ಹೋಗಿ 107 ಪದಕ ತಂದಿತು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ 25 ಎಂದು ಹೇಳಿಕೊಂಡು ಹೋಗಿ 29 ತಂದಿತು. ಒಲಿಂಪಿಕ್ಸ್‌ನಲ್ಲಿ ಎರಡಂಕಿಯ ಆಸೆ ಹೊತ್ತು ಹೋದದ್ದು ಆರಕ್ಕೆ ನಿಂತಿತು. ಇನ್ನೂ ಆರು ಸ್ಪರ್ಧೆಗಳಲ್ಲಿ ನಾಲ್ಕನೇ ಸ್ಥಾನ. ಘೋಷಣೆಯೇ ಪದಕ ತಂದಿದ್ದರೆ ಮೂರೂ ಕಡೆ ತರಬೇಕಿತ್ತು. ಟೋಕಿಯೊದಲ್ಲಿ ಆಗಲೇ 19 ಪದಕ ಗೆದ್ದ ಪ್ಯಾರಾ ತಂಡಕ್ಕೆ 25 ಒಂದು ಮೆಟ್ಟಿಲು ಮೇಲಿನ ಗುರಿ. ಇಂಥ ಗುರಿಯನ್ನೇ ಕೈಲೋ–ಲ್ಯಾಂಡರ್ಸ್ ಮಧ್ಯಮ ಕಷ್ಟದ್ದು ಎಂದು ಕರೆದದ್ದು.

ನಾರ್ವೆ ತದ್ವಿರುದ್ಧ ದಾರಿ ಹಿಡಿದ ದೇಶ. ಅಲ್ಲಿ 11 ವರ್ಷದೊಳಗಿನ ಮಕ್ಕಳ ಕ್ರೀಡೆಯಲ್ಲಿ ಫಲಿತಾಂಶದ ಪಟ್ಟಿ ಹಾಕುವಂತಿಲ್ಲ. ಸುಮಾರು 55 ಲಕ್ಷ ಜನರ ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಹಿಮ, ಸಂಪತ್ತು, ಸಂಪ್ರದಾಯ ಎಲ್ಲವೂ ಅದರ ಹಿಂದಿವೆ, ನಿಜ. ಆದರೂ ಪದಕದ ಮಾತನ್ನು ಮಕ್ಕಳಿಂದ ದೂರವಿಟ್ಟರೆ ಪದಕ ಬರುವುದಿಲ್ಲ ಎಂಬ ಭಯಕ್ಕೆ ಇದು ಉತ್ತರ.

ಬಿಡುವುದೂ ಒಂದು ಕಲೆ

ಕೆಲವು ಗುರಿಗಳು ಕೈಗೆ ಸಿಗುವುದಿಲ್ಲ. ಆಗ ಅವನ್ನು ಬಿಟ್ಟು ಬೇರೊಂದನ್ನು ಹಿಡಿಯಬಲ್ಲವರ ಮನಸ್ಸು ಹೆಚ್ಚು ಸ್ವಸ್ಥವಾಗಿರುತ್ತದೆ ಎಂದು ಕಾರ್ಸ್ಟನ್ ರೋಶ್ ಮತ್ತು ಸಂಗಡಿಗರು 2003ರಿಂದ ತೋರಿಸುತ್ತ ಬಂದಿದ್ದಾರೆ. ಕೊಡಗಿನ ಕಾಫಿ ಮನೆತನದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಇದಕ್ಕೆ ಒಳ್ಳೆಯ ಉದಾಹರಣೆ. ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಎಂದು ಪತ್ನಿಗೆ ಸಂದೇಶ ಕಳಿಸಿದ್ದನ್ನು ಅವರೇ ಹೇಳಿದ್ದಾರೆ. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗಕ್ಕೆ ಶರಣಾದರು. ನೋವಿಲ್ಲದೆ ಕೋರ್ಟಿಗೆ ಇಳಿಯುವುದೇ ಆಗ ದೊಡ್ಡ ಮಾತು. 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು.

ಎಲ್ಲರ ಕಥೆ ಹಾಗೆ ತಿರುಗುವುದಿಲ್ಲ. ವೇದಾ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್, ಅದೂ ಸೋಲು. ಮರುವರ್ಷ ಕೋವಿಡ್‌ನಲ್ಲಿ ಎರಡು ವಾರಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಆಮೇಲೂ ದೇಶೀಯ ಕ್ರಿಕೆಟ್ ಆಡಿ 2025ರ ಜುಲೈನಲ್ಲಿ ನಿವೃತ್ತರಾದರು. ಮೂರೇ ತಿಂಗಳ ನಂತರ, ನವೆಂಬರ್ 2ರಂದು, ನವಿ ಮುಂಬೈನಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಲಾರ್ಡ್ಸ್‌ನಲ್ಲಿ 14 ರನ್ನಿಗೆ ಔಟಾಗಿದ್ದ ದೀಪ್ತಿ ಶರ್ಮಾ ಈ ಫೈನಲ್‌ನಲ್ಲಿ 58 ರನ್ ಹೊಡೆದು 5 ವಿಕೆಟ್ ಪಡೆದರು. 2017ರ ಗುರಿ ಎಂಟು ವರ್ಷ ತಡವಾಗಿ, ಬೇರೆ ಕೈಗಳ ಮೂಲಕ ಈಡೇರಿತು. ಗೆದ್ದವರ ಕಥೆ ಮಾತ್ರ ಕೇಳಿ ‘ದೊಡ್ಡ ಗುರಿ ಇಟ್ಟದ್ದಕ್ಕೆ ಗೆದ್ದರು’ ಎನ್ನುವುದು ಎಷ್ಟು ಅರೆಬರೆ ತರ್ಕವೆಂದು ಇಲ್ಲಿ ಗೊತ್ತಾಗುತ್ತದೆ. ಗೆಲ್ಲದವರೂ ಅಷ್ಟೇ ದೊಡ್ಡ ಗುರಿ ಇಟ್ಟಿದ್ದರು.

ಗುರಿ ಮುಟ್ಟಿದ ಮೇಲೂ ಸಮಸ್ಯೆ ಮುಗಿಯುವುದಿಲ್ಲ. 2008ರಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಚಿನ್ನ ತಂದ ಅಭಿನವ್ ಬಿಂದ್ರಾ, ಗೆದ್ದ ನಂತರ ತಮ್ಮನ್ನು ಆವರಿಸಿದ ಖಾಲಿತನದ ಬಗ್ಗೆ ಹಲವು ಸಲ ಮಾತಾಡಿದ್ದಾರೆ. ಒಂದೇ ಗುರಿಯ ಮೇಲೆ ಇಡೀ ಬದುಕನ್ನು ಕಟ್ಟಿದವರಿಗೆ ಮರುದಿನ ಬೆಳಿಗ್ಗೆ ಏಳಲು ಕಾರಣ ಹುಡುಕಬೇಕಾಗುತ್ತದೆ.

ಹೋಬಳಿ ಮಟ್ಟದ ಪ್ರಶ್ನೆ

ಇಷ್ಟನ್ನೂ ಒಟ್ಟು ಮಾಡಿದರೆ ಚಿತ್ರ ಸಾಕಷ್ಟು ಸ್ಪಷ್ಟ. ದೊಡ್ಡ ಗುರಿ ದಿಕ್ಕು ತೋರಿಸುತ್ತದೆ, ಊರು ಬಿಡಿಸುತ್ತದೆ, ಹಾಸ್ಟೆಲ್ಲಿನ ಚಳಿಯಲ್ಲಿ ಐದಕ್ಕೆ ಎಬ್ಬಿಸುತ್ತದೆ. ಅದು ಮಟ್ಟದ ಗುರಿಯಾಗಿ, ಮತ್ತೆ ಕ್ರಿಯೆಯ ಗುರಿಯಾಗಿ ಇಳಿಯದಿದ್ದರೆ ಸ್ಪರ್ಧೆಯ ದಿನ ಹೊರೆಯಾಗುತ್ತದೆ. ಕಾಫಿ ಬೆಳೆಗಾರ ಎಕರೆಗೆ ಇಷ್ಟು ಮೂಟೆ ಎಂದು ಲೆಕ್ಕ ಹಾಕದೆ ಇರುವುದಿಲ್ಲ. ಆದರೆ ಹೂಮಳೆಯೂ ಮಾರುಕಟ್ಟೆಯೂ ಅವನ ಕೈಲಿಲ್ಲ, ಕೈಲಿರುವುದು ಮರಗಸಿ ಮತ್ತು ಚಿಗುರು ತೆಗೆಯುವುದು. ಆಟಗಾರರ ಸ್ಥಿತಿಯೂ ಇದೇ.

ಹೀಗಿರುವಾಗ ನಮ್ಮ ಶಾಲಾ ಕ್ರೀಡೆಯ ವ್ಯವಸ್ಥೆ ಮಗುವಿಗೆ ಕೊಡುವುದು ಯಾವ ಗುರಿಯನ್ನು? ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿಯಲ್ಲಿ ಮೇಲೆ ಹೋಗಲು ಬೇಕಾದದ್ದು ಸ್ಥಾನ ಮಾತ್ರ. ಮೂಡಿಗೆರೆ, ಕಳಸ ಕಡೆ ಈ ಕೂಟಗಳು ನಡೆಯುವುದೇ ಮಳೆಗಾಲದಲ್ಲಿ, ಸುಣ್ಣದ ಗೆರೆ ಅರ್ಧ ತೊಳೆದುಹೋದ ಮೈದಾನದಲ್ಲಿ. ಮೊದಲ ಇಬ್ಬರು ಮೂವರ ಹೆಸರು ಕೂಗುತ್ತಾರೆ. ನಾಲ್ಕನೆಯವಳಾಗಿ ಬಂದ ಹುಡುಗಿ ತಾನು ಎಷ್ಟು ಸೆಕೆಂಡಿನಲ್ಲಿ ಓಡಿದೆ ಎಂಬುದನ್ನೂ ತಿಳಿಯದೆ ಬಸ್ಸು ಹತ್ತುತ್ತಾಳೆ. ಫಲದ ಗುರಿ ತಪ್ಪಿತು. ಮಟ್ಟದ ಗುರಿ ಅವಳಿಗೆ ಯಾರೂ ಕೊಡಲೇ ಇಲ್ಲ. ಡಾರ್ಟ್ ಎಸೆತ ಕಲಿಯುವ ಶಾಲಾ ಹುಡುಗಿಯರ ಮೇಲೆ ಬ್ಯಾರಿ ಝಿಮ್ಮರ್‌ಮನ್ ಮತ್ತು ಅನಸ್ತಾಸಿಯಾ ಕಿಟ್ಸಾಂಟಾಸ್ 1997ರಲ್ಲಿ ನಡೆಸಿದ ಪ್ರಯೋಗ ಇಲ್ಲಿ ನೆನಪಿಗೆ ಬರಬೇಕು. ಮೊದಲು ಎಸೆಯುವ ರೀತಿಯ ಕಡೆ ಗಮನವಿಟ್ಟು, ಅದು ಕೈವಶವಾದ ಮೇಲೆ ಅಂಕದ ಕಡೆ ತಿರುಗಿದವರೇ ಎಲ್ಲರಿಗಿಂತ ಮುಂದೆ ಹೋದರು. ತಮ್ಮ ಪ್ರಗತಿಯನ್ನು ಬರೆದಿಟ್ಟುಕೊಂಡವರಿಗೆ ಇನ್ನೂ ಲಾಭವಾಯಿತು.

ಇದಕ್ಕೆ ಬೇಕಾದ ಸರಂಜಾಮು ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್, ಮತ್ತು ಈ ವರ್ಷದ ಸಮಯವನ್ನು ಮುಂದಿನ ವರ್ಷದವರೆಗೂ ನೆನಪಿಟ್ಟುಕೊಳ್ಳುವ ಒಬ್ಬ ಮೇಷ್ಟ್ರು. ರಕ್ಷಿತಾ ಜಕಾರ್ತದಿಂದ ಹಾಂಗ್‌ಝೌಗೆ ಕಡಿತಗೊಳಿಸಿದ 19 ಸೆಕೆಂಡ್‌ಗಳ ಹಿಂದೆ ಇದ್ದದ್ದು ಇಂಥ ದುಡಿಮೆ: ಒಬ್ಬ ಶಿಕ್ಷಕ, ಒಬ್ಬ ಗೈಡ್, ಲೆಕ್ಕವಿಲ್ಲದಷ್ಟು ಸುತ್ತು. ‘ಗುರಿ ದೊಡ್ಡದಿರಲಿ’ ಎಂದು ವೇದಿಕೆಯಿಂದ ಹೇಳಲು ಎರಡು ನಿಮಿಷ ಸಾಕು. ಹೇಳಿದವರು ಮಾರನೆಯ ದಿನ ಮೈದಾನಕ್ಕೆ ಬಂದು ಸುತ್ತು ಎಣಿಸದಿದ್ದರೆ ಆ ಮಾತನ್ನು ಮಕ್ಕಳಿಗೆ ಹೇಳುವ ಹಕ್ಕು ಅವರಿಗಿಲ್ಲ.